ಗೊಂಬೆ ರಾಣಿಯ ಡಾಬಿಗೆ ಕೂಲಿ ಬೇಡವೇ?

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಅಟ್ಟದ ಪೆಟ್ಟಿಗೆ ಕೆಳಗಿಳಿಯುತ್ತದೆ. ಹಳೇ ಸೀರೆಯಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ, ರಾಣಿ ಹೊರಬರುತ್ತಾರೆ. ವರ್ಷವಿಡೀ ಮಲಗಿದ್ದವರಿಗೆ ಹೊಸ ಬಟ್ಟೆ ಬೇಡವೇ? ಬೇಕು. ಹೊಲಿಯುವ ಪುರುಸೊತ್ತು ಯಾರಿಗಿದೆ? ಮದುವೆಯಲ್ಲಿ ತವರಿನಿಂದ ಬಂದ ಜೋಡಿಗೆ ಹಿಂದೆ ಮನೆಯ ಹೆಂಗಸರೇ ಅಲಂಕಾರ ಮಾಡುತ್ತಿದ್ದರು. ಈಗ ಬಹಳ ಮಂದಿ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಕೈಕೆಲಸ ಬಲ್ಲ ಒಬ್ಬಾಕೆಗೆ ಒಪ್ಪಿಸುತ್ತಾರೆ.

ಒಪ್ಪಿಸುವಾಗ ಮಾತು ಮಾತ್ರ ಒಂದೇ: "ಇಷ್ಟೇ ಇಷ್ಟು ಬಟ್ಟೆ, ಅದಕ್ಕೆ ಇಷ್ಟೊಂದು ದುಡ್ಡೇನಮ್ಮಾ?"

ಈ ಲೆಕ್ಕವೇ ತಪ್ಪು. ಬಟ್ಟೆ ಚಿಕ್ಕದಾದಷ್ಟೂ ಕೆಲಸ ದೊಡ್ಡದು. ನಾಲ್ಕು ಬೆರಳಗಲದ ಜರಿ ಅಂಚನ್ನು ಒಂದು ಗೇಣಿನ ರಾಣಿಗೆ ಉಡಿಸಿದರೆ ಮೈಯೆಲ್ಲಾ ಅಂಚೇ ಆಗುತ್ತದೆ. ಕಿರಿದಾದ ಅಂಚು ಹುಡುಕಿ ತರಬೇಕು. ಮರದ ಗೊಂಬೆ ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲ, ನೆರಿಗೆ ಸಿಕ್ಕಿಸಲು ಜಾಗವಿಲ್ಲ. ಒಂದೊಂದು ನೆರಿಗೆಯನ್ನೂ ಮಡಿಸಿ ಹೊಲಿಗೆ ಹಾಕಿ ನಿಲ್ಲಿಸಬೇಕು. ರಾಜನ ಪೇಟವಂತೂ ದೇವರೇ ಗತಿ! ಬಟ್ಟೆ ಒಂಚೂರು ದಪ್ಪವಾದರೆ ಮಹಾರಾಜರು ತಲೆಯ ಮೇಲೆ ದಿಂಬು ಹೊತ್ತಂತೆ ಕಾಣುತ್ತಾರೆ. ಡಾಬು, ವಂಕಿ, ಮೂಗುತಿಗೆ ಸಾಸಿವೆ ಗಾತ್ರದ ಮಣಿ, ಜರಿ ಎಳೆ, ರಟ್ಟಿನ ಚೂರು. ಹೊಲಿಗೆ ಮೆಷಿನ್ನಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಸವೆಯುವುದು ಕಣ್ಣು.

ಗಿರಾಕಿಯ ಚೌಕಾಸಿ ಹಾಗಿರಲಿ, ಅಂಗಡಿಯವರ ಲೆಕ್ಕವೇನು? "ಮಾರಾಟ ಆದ ಮೇಲೆ ದುಡ್ಡು" ಎಂದು ಮಾಲು ಇಳಿಸಿಕೊಂಡು, ವಿಜಯದಶಮಿ ಮಾರನೇ ದಿನ ಉಳಿದದ್ದನ್ನು ವಾಪಸು ಕೊಟ್ಟರೆ ಆಕೆ ಯಾರಿಗೆ ಮಾರಬೇಕು? ಗೊಂಬೆ ಹಬ್ಬ ವರ್ಷಕ್ಕೊಂದೇ ಸ್ವಾಮಿ. ಜರಿ, ಮಣಿ ಸಾಲ ಕೊಟ್ಟವನು ಮುಂದಿನ ದಸರಾವರೆಗೆ ಕಾಯುತ್ತಾನೆಯೇ?

ಕೊಳ್ಳುವವರಿಲ್ಲ ಎಂಬ ನೆಪ ಮೈಸೂರಿನಲ್ಲಿ ನಡೆಯದು. ನಜರ್‌ಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ 'ಬೊಂಬೆ ಮನೆ' ಪ್ರದರ್ಶನಕ್ಕೆ ಹೋಗಿ ನೋಡಿದವರಿಗೆ ಅದು ಗೊತ್ತು. ಅಚ್ಚಿನ ಪ್ಲಾಸ್ಟಿಕ್ ಕಿರೀಟ ಅಗ್ಗ, ಬೇಕಾದವರು ಕೊಳ್ಳಲಿ. ಕೈಕೆಲಸದ್ದೇ ಬೇಕೆನ್ನುವವರ ಬಿಲ್ಲಿನಲ್ಲಿ ಗೊಂಬೆಯ ಬೆಲೆ ಬೇರೆ, ಅಲಂಕಾರದ ಕೂಲಿ ಬೇರೆ ಬರೆಯಲಿ. ಗಿರಾಕಿಗೂ ಗೊತ್ತಾಗಲಿ.

ಅರ್ಧ ಹಣವಾದರೂ ಗೌರಿ ಹಬ್ಬದ ಹೊತ್ತಿಗೆ ಮುಂಗಡ ಸಿಕ್ಕಬೇಕು. ಆಗ ಆಕೆ ಜರಿಯನ್ನು ನಗದು ಕೊಟ್ಟೇ ತರುತ್ತಾಳೆ. ಮಹಾಲಯ ಅಮಾವಾಸ್ಯೆಯ ರಾತ್ರಿ ನಿದ್ದೆಗೆಟ್ಟು ಪೇಟ ಸುತ್ತುವುದೂ ತಪ್ಪುತ್ತದೆ.