ಡಿಕ್ಕಿ ಇದ್ದಷ್ಟು ಡೇರೆ

ಮಕ್ಕಳೇ, ಇದು 2022ರ ದಸರಾ ರಜೆಯ ಮಾತು. ಆಗ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡವಾಗಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. ಅದಕ್ಕೂ ಮೊದಲು ಅದು ತುಂಬಿ ಹರಿದದ್ದು 1933ರಲ್ಲಿ, ಅಂದರೆ 89 ವರ್ಷಗಳ ಹಿಂದೆ! ಆ ಕೋಡಿಯನ್ನು ನಮ್ಮ ಮನೆಯ ಅಜ್ಜಿಯ ಅಪ್ಪ ಹುಡುಗನಾಗಿದ್ದಾಗ ನೋಡಿದ್ದರಂತೆ. ಆ ಕಥೆ ಕೇಳುತ್ತಲೇ ಅಜ್ಜಿ ಬೆಳೆದವಳು.

ಹಗಲು ಹೋದರೆ ಜಾತ್ರೆಯಂಥ ಜನ. ಅದಕ್ಕೇ ಹಿಂದಿನ ಸಂಜೆಯೇ ಹೊರಟು, ಹಿರಿಯೂರಿನ ಕಡೆ ಇರುವ ಅಜ್ಜಿಯ ತಂಗಿಯ ತೆಂಗಿನ ತೋಟದಲ್ಲಿ ಡೇರೆ ಹಾಕಿ ಮಲಗುವುದೆಂದು ತೀರ್ಮಾನಿಸಿದೆವು. ತೋಟದಲ್ಲಿ ಮನೆಯಿಲ್ಲ, ಪಂಪ್‌ಮನೆ ಒಂದೇ. ನೆರೆಮನೆಯವರು ಎಂಟು ಜನರ ಡೇರೆ ಕೊಟ್ಟರು. ಹೊಳಲ್ಕೆರೆಯ ನಮ್ಮ ಮನೆ ಮುಂದೆ ಅದನ್ನು ಕಾರಿಗೆ ತುಂಬಲು ಹೋದರೆ ಡಿಕ್ಕಿ ಮುಚ್ಚಲಿಲ್ಲ. ನಮ್ಮದು ಹಳೆಯ ಆಲ್ಟೊ. ಮಗ ಹಿಂದಿನ ಸೀಟು ಮಡಚಿದ. ಡೇರೆ ಹಿಡಿಯಿತು, ಜನ ಹಿಡಿಯಲಿಲ್ಲ.

"ನೀವು ಹೋಗಿ ಬರ್ರಿ, ನಾನು ಮನೆ ನೋಡ್ಕಂತೀನಿ" ಎಂದಳು ಅಜ್ಜಿ.

ಯಾರೂ ಮಾತಾಡಲಿಲ್ಲ. ಮೊಮ್ಮಗಳು ಮಾತ್ರ, "ತಾತ, ಡೇರೆ ಚಿಕ್ಕದಾದ್ರೆ ಅಜ್ಜಿ ಬರಬಹುದಲ್ವಾ?" ಎಂದು ಕೇಳಿದಳು. ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಹೊರಡುವುದನ್ನು ಎರಡು ದಿನ ಮುಂದೂಡಿದೆವು.

ಮೊದಲು ಟೇಪು ಹಿಡಿದು ಡಿಕ್ಕಿ ಅಳೆದೆವು. ಆ ಆಲ್ಟೊ ಡಿಕ್ಕಿಯ ಅಳತೆ 177 ಲೀಟರ್. ಲೆಕ್ಕಕ್ಕೆ 20 ಲೀಟರಿನ ಒಂಬತ್ತು ನೀರಿನ ಕ್ಯಾನಿಗೆ ಹತ್ತಿರ. ಆದರೆ ನಿಜವಾಗಿ ಇಟ್ಟು ನೋಡಿ, ಅಷ್ಟು ಕ್ಯಾನು ಹಿಡಿಯುವುದಿಲ್ಲ. ಮೂಲೆ, ಗಾಲಿಯ ಉಬ್ಬು, ಬಾಗಿಲಿನ ಇಳಿಜಾರು ಎಲ್ಲವೂ ಜಾಗ ತಿನ್ನುತ್ತವೆ. ಹಾಗಾಗಿ ಲೀಟರ್ ನಂಬಬೇಡಿ. ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಚೀಟಿ ಹಿಡಿದು ಚಿತ್ರದುರ್ಗದ ಅಂಗಡಿಗೆ ಹೋದೆವು.

ಅಲ್ಲಿ ಕಲಿತದ್ದು ಇಷ್ಟು. ಡೇರೆಯ ಬಟ್ಟೆ ಎಷ್ಟು ಬೇಕಾದರೂ ಮಡಚುತ್ತದೆ, ಕೋಲು ಮಡಚುವುದಿಲ್ಲ. ಕೋಲಿನ ತುಂಡು ಎಷ್ಟು ಉದ್ದವೋ ಚೀಲವೂ ಅಷ್ಟು ಉದ್ದ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಡೇರೆ ಮೊಮ್ಮಗನಿಗೆ ಬಲು ಇಷ್ಟವಾಯಿತು. ಆದರೆ ಮಡಚಿದಾಗ ಅದು ದೊಡ್ಡ ಮೊರದಷ್ಟು ಅಗಲ; ನಮ್ಮ ಡಿಕ್ಕಿಗೆ ಆಗದು. ಕಾರಿನ ನೆತ್ತಿಯ ಮೇಲೆ ಕೂರಿಸುವ ಡೇರೆಗಳೂ ಇವೆ. ಅವು ತುಂಬಾ ಭಾರ, ಚಿಕ್ಕ ಕಾರಿಗೆ ಹೊಂದುವುದಿಲ್ಲ.

ಇನ್ನು ಜನರ ಲೆಕ್ಕ. ನಾಲ್ಕು ಜನರ ಡೇರೆ ಎಂದರೆ ನಾಲ್ವರು ಬೆಂಕಿಕಡ್ಡಿಯಂತೆ ಒತ್ತಾಗಿ ಮಲಗುವ ಲೆಕ್ಕ. ಆರಾಮಾಗಿ ಮಲಗಬೇಕೆಂದರೆ ಒಂದು ತಲೆ ಕಳೆಯಿರಿ. ಅಜ್ಜಿಗೂ ಮೊಮ್ಮಕ್ಕಳಿಬ್ಬರಿಗೂ ನಾಲ್ಕರದ್ದೇ ಸರಿ. ನನಗೂ ಮಗನಿಗೂ ಪಂಪ್‌ಮನೆ ಜಗಲಿ, ಎರಡು ಕಂಬಳಿ ಸಾಕು. ನಮ್ಮ ಕಡೆಯ ಕುರಿಗಾಹಿಗಳಿಗೆ ಕಂಬಳಿಯೇ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ ಎಲ್ಲಾ ತಾನೇ? ಅಂಗಡಿಯಲ್ಲೇ ಡೇರೆ ಬಿಚ್ಚಿಸಿ, ಅಜ್ಜಿಯನ್ನು ಎರಡು ಸಲ ಒಳಗೆ ಹೋಗಿ ಬರಲು ಹೇಳಿದೆವು. ಬಗ್ಗಿ ಹೋಗಲು ಕಷ್ಟವಾಗದ ಅಗಲ ಬಾಗಿಲಿನದನ್ನೇ ಕೊಂಡೆವು.

ಹೊಸದುರ್ಗದ ದಾರಿ ಹಿಡಿದೆವು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಎಣಿಸುತ್ತಿದ್ದ ಮೊಮ್ಮಕ್ಕಳಿಗೆ ಹೇಳಿದೆ: "ಇಷ್ಟು ಗಾಳಿ ಇರೋ ಜಿಲ್ಲೆ ನಮ್ಮದು. ಅದಕ್ಕೇ ಎತ್ತರದ ಡೇರೆ ಬೇಡ ಅಂದಿದ್ದು." ತೋಟದಲ್ಲಿ ಮೊದಲ ಗೂಟವೇ ಕಲ್ಲಿಗೆ ಬಡಿದು ಬಾಗಿತು. ದಪ್ಪ ಕಬ್ಬಿಣದ ಗೂಟ ತಂದಿದ್ದು ಒಳ್ಳೆಯದಾಯಿತು. ಗೂಟವನ್ನು ಡೇರೆಯಿಂದ ಹೊರಕ್ಕೆ ವಾಲಿಸಿ ಹೊಡೆದು, ಹಗ್ಗ ಬಿಗಿದೆವು. ಬಾಗಿಲನ್ನು ಗಾಳಿಗೆ ಬೆನ್ನಾಗಿಸಿದೆವು. ತೆಂಗಿನ ಮರದ ಕೆಳಗೆ ಮಾತ್ರ ಹಾಕಲಿಲ್ಲ. ಕಾಯಿ ಬಿದ್ದರೆ ಬಟ್ಟೆಯ ಸೂರು ತಡೆಯುವುದಿಲ್ಲ. ಡೇರೆಯೊಳಗೆ ಒಲೆ, ದೀಪ ಹಚ್ಚಬಾರದು, ಉಸಿರು ಕಟ್ಟುತ್ತದೆ, ಬೆಂಕಿಯೂ ತಗಲುತ್ತದೆ. ಟಾರ್ಚೇ ಗತಿ.

ಬೆಳಗಿನ ಜಾವ ಅಣೆಕಟ್ಟಿಗೆ ಹೋದೆವು. ಹರಿಯುವ ಕೋಡಿಯನ್ನು ಅಜ್ಜಿ ಬಹಳ ಹೊತ್ತು ನೋಡಿದಳು. "ಅಪ್ಪ ಹೇಳಿದ್ದು ಸುಳ್ಳಲ್ಲ ನೋಡ್ರಿ" ಎಂದಳು. ಮೊಮ್ಮಗಳು ಅವಳ ಕೈ ಹಿಡಿದು ನಿಂತಿದ್ದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಡಿಕ್ಕಿ ಇದ್ದಷ್ಟು ಡೇರೆ ಕೊಳ್ಳಿ ಎನ್ನುತ್ತೇನೆ ನಾನು. ಆದರೆ ಮಕ್ಕಳೇ, ಡಿಕ್ಕಿ ಅಳೆಯುವ ಮೊದಲು ಮನೆಯವರನ್ನೆಲ್ಲ ಎಣಿಸಿ. ಎಣಿಕೆ ಅಜ್ಜಿಯಿಂದ ಶುರುವಾಗಲಿ.