ಕಾಲುದಾರಿಯಲ್ಲಿ ಬೆಲ್ಲು

'ಕಾಲುದಾರಿ' ಎಂಬ ಸಮಾಸವನ್ನು ಬಿಡಿಸಿದರೆ ಆ ದಾರಿಯ ಒಡೆತನ ಯಾರದೆಂಬುದು ತಿಳಿಯುತ್ತದೆ. ಅದು ಕಾಲಿನದು, ಚಕ್ರ ಅಲ್ಲಿಗೆ ಅತಿಥಿ. ಕಾಸರಗೋಡಿನ ಒಳನಾಡಿನಲ್ಲಿ ಕೆಂಪುಕಲ್ಲಿನ ಗೋಡೆಗಳ ನಡುವಣ ಓಣಿ, ಗದ್ದೆಯ ಹುಣಿ, ತೋಡಿನ ಮೇಲಣ ಅಡಕೆಮರದ ಸಂಕ ಎಲ್ಲವೂ ನಡೆಯುವವರ ಅಳತೆಗೆ ಆದವು. ಸಂಕದ ಮುಂದೆ ಸೈಕಲ್ ಸವಾರ ಯಾರೂ ಹೇಳದೆಯೇ ಇಳಿಯುತ್ತಾನೆ, ಇಳಿಯದಿದ್ದರೆ ತೋಡು. ಅದೇ ಸವಾರ ಕಿರಿದಾದ ಓಣಿಯಲ್ಲಿ ಇಳಿಯುವುದಿಲ್ಲ. ಅಲ್ಲಿ ಬೀಳುವವರು ಬೇರೆಯವರು.

1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ತುಳಿಯುವ ಸೈಕಲ್ಲು ಮೋಟಾರು ವಾಹನವಲ್ಲ. ಆದ್ದರಿಂದ ಸವಾರನಿಗೆ ಲೈಸೆನ್ಸು ಬೇಡ, ಪರೀಕ್ಷೆಯೂ ಇಲ್ಲ. ಇದು ಒಳ್ಳೆಯದೇ, ಬಡವರ ವಾಹನಕ್ಕೆ ಕಚೇರಿಯ ಅಲೆದಾಟ ಏಕೆ? ಆದರೆ ಪರೀಕ್ಷೆಯಿಲ್ಲದ ಕಡೆ ಮರ್ಯಾದೆಯೇ ನಿಯಮವಾಗಬೇಕಾಗುತ್ತದೆ. ಬ್ರಿಟನ್ನಿನ ಹೈವೇ ಕೋಡ್ 2022ರ ಜನವರಿಯಲ್ಲಿ ತಿದ್ದುಪಡಿಗೊಂಡಾಗ ಹೆಚ್ಚು ಹಾನಿ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆಯನ್ನಿಟ್ಟಿತು. ಲಾರಿಯವನಿಂದ ತಾನು ಬಯಸುವ ಎಚ್ಚರವನ್ನು ಸೈಕಲ್ಲಿನವನು ಪಾದಚಾರಿಗೆ ತೋರಬೇಕೆಂಬುದು ಅದರ ತಾತ್ಪರ್ಯ.

ಗಂಟೆಗೆ 15 ಕಿ.ಮೀ. ವೇಗದ ಸೈಕಲ್ಲು ಸೆಕೆಂಡಿಗೆ 4 ಮೀಟರಿಗಿಂತ ಹೆಚ್ಚು ಸಾಗುತ್ತದೆ. ಬೆನ್ನ ಹಿಂದೆಯೇ ಬಂದು ಬೆಲ್ಲು ಹೊಡೆದರೆ ನಡೆಯುವವರು ಬೆಚ್ಚಿ ಯಾವ ಬದಿಗೆ ಸರಿಯುವರೆಂಬುದು ಅವರಿಗೇ ತಿಳಿದಿರದು. ದೂರದಲ್ಲೇ ಒಮ್ಮೆ ಹೊಡೆದು, ವೇಗ ತಗ್ಗಿಸಿ, ಅವರ ಬಲಬದಿಯಿಂದ ಸಾಗುವುದು ಲೇಸು. ಮಳೆಗಾಲಕ್ಕೆ ಇದೂ ಸಾಲದು. ಕೊಡೆಯ ಮೇಲೆ ಸುರಿಯುವ ಮಳೆಯಲ್ಲಿ ಬೆಲ್ಲು ಕೇಳಿಸದು. ನೆನೆದ ರಿಮ್ಮಿಗೆ ಬ್ರೇಕು ಹಿಡಿಯದು. ಕಿವಿ ಮಂದವಾದ ಹಿರಿಯರಿಗಂತೂ ವರ್ಷವಿಡೀ ಮಳೆಗಾಲವೇ. ಅವರು ಸರಿಯಲಿಲ್ಲವೆಂದು ಮತ್ತೆ ಮತ್ತೆ ಬೆಲ್ಲು ಬಾರಿಸುವುದು ಒರಟುತನ.

ಕನ್ನಡ ಓದುವವರು ಇಲ್ಲಿ ಕ್ರಿಯಾಪದವನ್ನೂ ಗಮನಿಸಬಹುದು. 'ದಾರಿ ಬಿಡಿ' ಎಂಬುದು ಆಜ್ಞೆ. 'ಅಜ್ಜಾ, ಬಲಗಡೆಯಿಂದ ಹೋಗ್ತೇನೆ' ಎಂಬುದು ಬರಿಯ ತಿಳಿವಳಿಕೆ. ಸರಿಯುವುದೂ ಬಿಡುವುದೂ ಅಜ್ಜನ ಇಷ್ಟ. ಮುಂದಿರುವವರ ಮಾತು ತುಳುವೋ ಮಲಯಾಳವೋ ಕನ್ನಡವೋ ಎಂಬುದು ಬೆನ್ನು ನೋಡಿದರೆ ತಿಳಿಯದು, ನಿಜ. ದನಿಯ ಮೆದುತನ ಮಾತ್ರ ಮೂರು ಭಾಷೆಗಳವರಿಗೂ ತಿಳಿಯುತ್ತದೆ.

ಮೊಬೈಲಿನಲ್ಲಿ ಮುಳುಗಿ ನಡೆಯುವವರೂ, ಓಣಿಯ ಅಗಲಕ್ಕೂ ಸಾಲಾಗಿ ಹೋಗುವ ಗೆಳೆಯರೂ ಉಂಟು. ಅವರದೂ ತಪ್ಪೇ. ಆದರೆ ಆ ತಪ್ಪಿನಿಂದ ಸವಾರನಿಗಾಗುವ ನಷ್ಟ ಬಹುಮಟ್ಟಿಗೆ ಸಮಯದ್ದು. ಗೋಡೆ ತಿರುಗುವ ಕುರುಡು ಮೂಲೆಯಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋದರೆ ತಗಲುವುದು ಒಂದೆರಡು ನಿಮಿಷ.