ಹೆಸರಿನ ಹಿನ್ನೆಲೆ: ವೆಬ್‌ಸ್ಟರ್

ಇಂಗ್ಲಿಷರ ಮನೆತನದ ಹೆಸರುಗಳಲ್ಲಿ ಅನೇಕವು ಕಸುಬಿನಿಂದ ಹುಟ್ಟಿದವು. ‘ವೆಬ್‌ಸ್ಟರ್’ ಎಂಬುದೂ ಅಂಥದೇ. ಆದರೆ ಇದರಲ್ಲೊಂದು ವಿಶೇಷವುಂಟು. ಪುರಾತನ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ನೇಯುವವಳು ಎಂದು ಅರ್ಥ. ನಮ್ಮ ಹೂವಾಡಗಿತ್ತಿ, ಒಕ್ಕಲಗಿತ್ತಿ ಎಂಬಲ್ಲಿಯ ‘ಗಿತ್ತಿ’ಯಂತೆ, ‘ಸ್ಟರ್’ ಎಂಬುದು ಮೊದಲಲ್ಲಿ ಸ್ತ್ರೀಯರಿಗೇ ಸಲ್ಲುತ್ತಿದ್ದ ಪ್ರತ್ಯಯ. ನೂಲುವವಳು ಸ್ಪಿನ್‌ಸ್ಟರ್; ರೊಟ್ಟಿ ಬೇಯಿಸುವವಳು ಬ್ಯಾಕ್ಸ್‌ಟರ್. ಕಾಲಕ್ರಮದಲ್ಲಿ ಈ ಭೇದವು ಮರೆಯಾಗಿ ಗಂಡಸರಾದ ನೇಕಾರರನ್ನೂ ವೆಬ್‌ಸ್ಟರ್ ಎಂದೇ ಕರೆಯತೊಡಗಿದರು. ಮಧ್ಯಯುಗದ ಕೊನೆಯ ಹೊತ್ತಿಗೆ ಅದು ತಂದೆಯಿಂದ ಮಕ್ಕಳಿಗೆ ಇಳಿದುಬರುವ ಹೆಸರಾಗಿ ನೆಲೆನಿಂತಿತು.

ಈ ಹೆಸರಿನವರಲ್ಲಿ ‘ಡಚೆಸ್ ಆಫ್ ಮಾಲ್ಫಿ’ ಎಂಬ ದುಃಖಾಂತ ನಾಟಕವನ್ನು ರಚಿಸಿದ ಇಂಗ್ಲೆಂಡಿನ ಜಾನ್ ವೆಬ್‌ಸ್ಟರನೂ, ಅಮೆರಿಕೆಯ ಮಹಾವಾಗ್ಮಿ ಡೇನಿಯಲ್ ವೆಬ್‌ಸ್ಟರನೂ (1782–1852) ಸುಪ್ರಸಿದ್ಧರು. ಅವರಿಗಿಂತಲೂ ಮನೆಮಾತಾದವನು ಅಮೆರಿಕೆಯವನೇ ಆದ ನೋವಾ ವೆಬ್‌ಸ್ಟರ್ (1758–1843). ಇವನು ವರ್ಷಾನುಗಟ್ಟಲೆ ಶ್ರಮಿಸಿ, ಸುಮಾರು 70,000 ಶಬ್ದಗಳ ನಿಘಂಟನ್ನು 1828ರಲ್ಲಿ ಪ್ರಕಟಿಸಿದನು.

ಸಹಸ್ರಾರು ಶಬ್ದಗಳಿಗೆ ಅರ್ಥವನ್ನು ಬರೆದ ಆ ಪಂಡಿತನ ಹೆಸರಿನೊಳಗೇ ಮಗ್ಗದ ಮುಂದೆ ಕುಳಿತ ಹೆಣ್ಣುಮಗಳೊಬ್ಬಳ ದುಡಿಮೆ ಅಡಗಿರುವುದನ್ನು ವಾಚಕರು ಗಮನಿಸಬೇಕು. ಅಂದು ನೇಯ್ದ ಬಟ್ಟೆ ಹರಿದುಹೋಯಿತು. ನೇಯ್ದವರ ಸ್ವಂತ ಹೆಸರುಗಳು ಬಹುಮಟ್ಟಿಗೆ ಅಳಿದುಹೋದುವು. ಅವರ ಕಸುಬಿನ ಹೆಸರು ಮಾತ್ರ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ಇಂದಿಗೂ ಉಳಿದಿದೆ.